ಒಂದೇ ದಾರಿ, ಬೇರೆ ಬೇರೆ ಹೆಜ್ಜೆ: ನಾಯಿಯ ಮೈಕಟ್ಟಿಗೂ ನಡಿಗೆಗೂ ಇರುವ ನಂಟು

ಪ್ರಶ್ನೆ: ನಾವು ಧಾರವಾಡದವರು. ಮನೆಯಲ್ಲಿ ಮೂರು ವರ್ಷದ ಗಂಡು ಮುಧೋಳ, ಐದು ವರ್ಷದ ಹೆಣ್ಣು ಡ್ಯಾಶ್‌ಹೌಂಡ್ ಇವೆ. ದಿನಾ ಬೆಳಿಗ್ಗೆ ಎರಡನ್ನೂ ಕೆಲಗೇರಿ ಕೆರೆಯ ಕಡೆ ಮೂರು ಕಿಲೋಮೀಟರ್ ನಡೆಸುತ್ತೇನೆ. ಮುಧೋಳ ಆರಾಮಾಗಿ ಬರುತ್ತದೆ. ಡ್ಯಾಶ್‌ಹೌಂಡ್ ಮಾತ್ರ ಉದ್ದಕ್ಕೂ ಓಡುತ್ತಲೇ ಇರುತ್ತದೆ, ಅದರ ಹಿಂಭಾಗ ಓಲಾಡುತ್ತದೆ. ಒಂದು ತಿಂಗಳಿಂದ ಆಗಾಗ ಒಂದು ಹಿಂಗಾಲು ಎತ್ತಿಕೊಂಡು ನಾಲ್ಕು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಹೋಗುತ್ತಿದೆ. ಇತ್ತ ಮುಧೋಳದ ಪಕ್ಕೆಲುಬು ಕಾಣುವುದನ್ನು ನೋಡಿ "ಊಟ ಹಾಕೋದಿಲ್ಲವಾ?" ಎಂದು ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಪಕ್ಕದ ಮನೆಯ ಲ್ಯಾಬ್ರಡಾರ್ ಒಂದೇ ಬದಿಯ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಹಾಕಿ ಒಂಟೆಯ ಹಾಗೆ ನಡೆಯುತ್ತದೆ. ಇದರಲ್ಲಿ ಯಾವುದು ಸಹಜ, ಯಾವುದು ದೋಷ?

ಉತ್ತರ: ಮೊದಲು ಕುಪ್ಪಳಿಸುವ ಆ ಕಾಲಿನ ವಿಷಯ ಹೇಳಿಬಿಡುತ್ತೇನೆ. ಅದು ಸಹಜವಲ್ಲ. ಈ ವಾರದೊಳಗೆ ನಿಮ್ಮ ಪಶುವೈದ್ಯರಿಗೆ ತೋರಿಸಿ. ಕಾರಣ ಮುಂದೆ ಬರೆದಿದ್ದೇನೆ. ನೀವು ಬರೆದ ಉಳಿದದ್ದೆಲ್ಲ, ಓಡುತ್ತಲೇ ಇರುವುದು, ಓಲಾಡುವುದು, ಪಕ್ಕೆಲುಬು ಕಾಣುವುದು, ಒಂಟೆ ನಡಿಗೆ, ಬಹುಮಟ್ಟಿಗೆ ಆಯಾ ನಾಯಿಯ ಮೈಕಟ್ಟಿನಿಂದ ಬಂದದ್ದು. ಯಾವುದು ಮೈಕಟ್ಟಿನದು, ಯಾವುದು ನೋವಿನದು ಎಂದು ಬೇರ್ಪಡಿಸಿ ನೋಡಲು ಕಲಿತರೆ ನಿಮ್ಮ ಅರ್ಧ ಚಿಂತೆ ಕಡಿಮೆಯಾಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಾಯಿಯ ಚಲನೆಯಲ್ಲಿ ಮುಖ್ಯವಾದವು ಮೂರು: ನಡಿಗೆ, ಕುಕ್ಕುಲೋಟ, ನಾಗಾಲೋಟ. ನಡಿಗೆಯಲ್ಲಿ ನಾಲ್ಕು ಕಾಲು ಒಂದಾದ ಮೇಲೊಂದು ನೆಲ ಮುಟ್ಟುತ್ತವೆ, ನಾಲ್ಕು ಸದ್ದು ಕೇಳುತ್ತದೆ. ಕುಕ್ಕುಲೋಟದಲ್ಲಿ ಎಡ ಮುಂಗಾಲು ಮತ್ತು ಬಲ ಹಿಂಗಾಲು ಒಂದು ಜೋಡಿ, ಉಳಿದೆರಡು ಇನ್ನೊಂದು ಜೋಡಿ. ಹಾಗಾಗಿ ಎರಡೇ ಸದ್ದು. ಮನೆಯೊಳಗೆ ಟೈಲ್ಸ್ ಮೇಲೆ ನಾಯಿ ಓಡಾಡುವಾಗ ಕಣ್ಣು ಮುಚ್ಚಿ ಉಗುರಿನ ಸದ್ದು ಎಣಿಸಿ ನೋಡಿ, ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ನಾನು ಇಂದಿಗೂ ಕುಂಟುವ ನಾಯಿ ಬಂದರೆ ನೋಡುವ ಮೊದಲು ಕೇಳುತ್ತೇನೆ.

ನಡಿಗೆಯನ್ನು ಬಿಟ್ಟು ಕುಕ್ಕುಲೋಟಕ್ಕೆ ನಾಯಿ ಯಾವಾಗ ಬದಲಾಗುತ್ತದೆ ಎನ್ನುವುದನ್ನು ತೀರ್ಮಾನಿಸುವುದು ಬಹುಪಾಲು ಕಾಲಿನ ಉದ್ದ. ಪಂಚಮಿ ಜೋಕಾಲಿ ನೆನಪು ಮಾಡಿಕೊಳ್ಳಿ. ಎತ್ತರದ ಕೊಂಬೆಗೆ ಕಟ್ಟಿದ ಉದ್ದ ಹಗ್ಗದ ಜೋಕಾಲಿ ನಿಧಾನಕ್ಕೆ ಹೋಗಿ ಬರುತ್ತದೆ, ಜಂತಿಗೆ ಕಟ್ಟಿದ ಗಿಡ್ಡ ಜೋಕಾಲಿ ಬೇಗ ಬೇಗ ತೂಗುತ್ತದೆ. ಕಾಲೂ ಹಾಗೆಯೇ. ನಡೆಯುವಾಗ ನೆಲಕ್ಕೂರಿದ ಕಾಲಿನ ಮೇಲೆ ಮೈ ಒಂದು ಕಮಾನಿನಂತೆ ದಾಟಿ ಹೋಗುತ್ತದೆ. ವೇಗ ಒಂದು ಮಿತಿ ಮೀರಿದರೆ ಆ ಕಮಾನಿನಲ್ಲಿ ಮೈ ನಿಲ್ಲುವುದಿಲ್ಲ, ಚಿಮ್ಮಲು ನೋಡುತ್ತದೆ. ಆಗ ಓಟಕ್ಕೆ ಬದಲಾಗುವುದೇ ಕಡಿಮೆ ಖರ್ಚಿನ ದಾರಿ. ಆ ಮಿತಿ ಕಾಲಿನ ಉದ್ದದ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ. ಕಾಲು ನಾಲ್ಕು ಪಟ್ಟು ಉದ್ದವಾದರೆ ಮಿತಿ ಎರಡು ಪಟ್ಟು.

ಈ ಲೆಕ್ಕವನ್ನು ನಿಮ್ಮ ಬೆಳಗಿನ ದಾರಿಗೆ ತಂದು ನೋಡೋಣ. ಗಂಡು ಮುಧೋಳದ ಭುಜದೆತ್ತರ ಸುಮಾರು 70 ಸೆಂಟಿಮೀಟರ್. ಅದು ಗಂಟೆಗೆ ಆರು, ಆರೂವರೆ ಕಿಲೋಮೀಟರ್‌ವರೆಗೂ ನಡೆದೇ ಬರಬಲ್ಲದು. ಡ್ಯಾಶ್‌ಹೌಂಡಿನ ಎತ್ತರ ಅದರ ಮೂರನೇ ಒಂದು ಭಾಗದಷ್ಟು. ಅದರ ನಡಿಗೆಯ ಮಿತಿ ಗಂಟೆಗೆ ಮೂರೂವರೆ ಕಿಲೋಮೀಟರ್‌ನ ಆಸುಪಾಸು. ಬಿರುಸಾಗಿ ನಡೆಯುವ ಮನುಷ್ಯರ ವೇಗ ಗಂಟೆಗೆ ಸುಮಾರು ಐದು ಕಿಲೋಮೀಟರ್. ಅಂದರೆ ನೀವು ಮತ್ತು ಮುಧೋಳ ಗಾಳಿಗೆ ಹೊರಟಿದ್ದೀರಿ, ಡ್ಯಾಶ್‌ಹೌಂಡ್ ಮೂರೂ ಕಿಲೋಮೀಟರ್ ಓಡಿದೆ. ಮುಧೋಳ ಒಂದು ಹೆಜ್ಜೆ ಇಡುವಷ್ಟರಲ್ಲಿ ಅದು ಎರಡೂವರೆ, ಮೂರು ಹೆಜ್ಜೆ ಇಟ್ಟಿರುತ್ತದೆ. ಅಷ್ಟು ಸಲ ಆ ಪುಟ್ಟ ಮಂಡಿ ಮಡಚಿ ಬಿಚ್ಚಿರುತ್ತದೆ. ಓಡುವುದು ತಪ್ಪಲ್ಲ, ಕುಕ್ಕುಲೋಟ ನಾಯಿಗೆ ಸಹಜವೇ. ಆದರೆ ಎರಡಕ್ಕೂ ಒಂದೇ ದೂರ, ಒಂದೇ ವೇಗ ಎಂದರೆ ಎರಡಕ್ಕೂ ಒಂದೇ ಶ್ರಮ ಎಂದಲ್ಲ.

ಪಕ್ಕದ ಮನೆಯ ಲ್ಯಾಬ್ರಡಾರ್ ಸಿಕ್ಕಿಹಾಕಿಕೊಂಡಿರುವುದೂ ಇದೇ ಲೆಕ್ಕದಲ್ಲಿ. ಅದರ ಎತ್ತರಕ್ಕೆ ನಡಿಗೆಯ ಮಿತಿ ಗಂಟೆಗೆ ಐದೂವರೆ ಕಿಲೋಮೀಟರ್ ಹತ್ತಿರ ಬರುತ್ತದೆ. ಮನುಷ್ಯರ ವೇಗ ಅದಕ್ಕಿಂತ ಕೂದಲೆಳೆ ಕಡಿಮೆ. ನಿಧಾನ ನಡಿಗೆಗೆ ಹೆಚ್ಚು, ಕುಕ್ಕುಲೋಟಕ್ಕೆ ಕಡಿಮೆ ಎನ್ನುವ ನಡುವಿನ ಜಾಗ ಅದು. ಅಲ್ಲಿ ಅನೇಕ ನಾಯಿಗಳು ಒಂದೇ ಬದಿಯ ಎರಡು ಕಾಲು ಒಟ್ಟಿಗೆ ಹಾಕುವ ಒಂಟೆ ನಡಿಗೆಗೆ ಇಳಿಯುತ್ತವೆ. ದಣಿದ ನಾಯಿ, ಮೈ ಬಂದ ನಾಯಿ, ಇನ್ನೂ ಬೆಳೆಯುತ್ತಿರುವ ಮರಿ ಕೂಡ ಹೀಗೆ ಮಾಡುತ್ತವೆ. ನಿಮ್ಮ ನೆರೆಯವರಿಗೆ ಒಂದು ಸುಲಭದ ಪರೀಕ್ಷೆ ಹೇಳಿ: ಮೂವತ್ತು ಹೆಜ್ಜೆ ವೇಗ ಹೆಚ್ಚಿಸಿ ನಡೆಯಲಿ. ನಾಯಿ ತಾನಾಗಿ ಎರಡು ಸದ್ದಿನ ಕುಕ್ಕುಲೋಟಕ್ಕೆ ಬಂದರೆ ಚಿಂತೆ ಬೇಡ. ಯಾವ ವೇಗದಲ್ಲೂ ಒಂಟೆ ನಡಿಗೆ ಬಿಡದಿದ್ದರೆ, ಮಲಗಿದ್ದು ಏಳುವಾಗ ಬಿಗಿತ ಇದ್ದರೆ, ಓಡುವಾಗ ಎರಡೂ ಹಿಂಗಾಲನ್ನು ಮೊಲದಂತೆ ಜೋಡಿಸಿ ಜಿಗಿದರೆ ಸೊಂಟದ ಎಕ್ಸ್‌ರೇ ತೆಗೆಸಬೇಕು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಲ್ಲಿ ಸೊಂಟದ ಕೀಲು ಸಡಿಲವಾಗಿರುವ ತೊಂದರೆ ಹೆಚ್ಚು.

ಇನ್ನು ಓಲಾಟ. ನಾಯಿ ವೇಗ ಹೆಚ್ಚಿಸಿದಂತೆಲ್ಲ ಪಾದಗಳನ್ನು ಮೈಯ ನಡುಗೆರೆಯ ಕಡೆಗೆ ತಂದು ಊರುತ್ತದೆ. ಇದನ್ನು ಕಣ್ಣಾರೆ ನೋಡಬಹುದು. ಅಂಗಳದ ಒಣ ಸಿಮೆಂಟಿನ ಆಚೆ ಒಂದು ಕೊಡ ನೀರು ಸುರಿದು ನಾಯಿಯನ್ನು ಅದರಲ್ಲಿ ಹಾಯಿಸಿ ಈಚೆ ಕರೆಯಿರಿ. ನಿಧಾನ ನಡೆದಾಗ ಒದ್ದೆ ಹೆಜ್ಜೆಗಳು ಎರಡು ಸಾಲಾಗಿ ಬೀಳುತ್ತವೆ, ಮುಧೋಳ ಕುಕ್ಕುಲೋಟದಲ್ಲಿ ಬಂದರೆ ಎರಡೂ ಸಾಲು ಕೂಡಿ ಹೆಚ್ಚುಕಡಿಮೆ ಒಂದೇ ಗೆರೆಯಾಗುತ್ತದೆ. ಹೊಲದ ಬದುವಿನ ಮೇಲೆ ಕಾಲ ಮುಂದೆ ಕಾಲಿಟ್ಟು ಹೋಗುವಾಗ ನಮ್ಮ ಮೈ ಅತ್ತಿತ್ತ ವಾಲುವುದಿಲ್ಲ. ಕಾಲು ಅಗಲಿಸಿ ನಡೆದರೆ ಪ್ರತಿ ಹೆಜ್ಜೆಗೂ ಭಾರವನ್ನು ಆ ಕಾಲಿನ ಮೇಲೆ ಹೊತ್ತು ಹಾಕಬೇಕು, ಮೈ ತೂಗುತ್ತದೆ. ಉದ್ದ ಕಾಲು ಸ್ವಲ್ಪ ಓರೆಯಾದರೆ ಸಾಕು, ಪಾದ ನಡುಗೆರೆಗೆ ಬರುತ್ತದೆ. ಗಿಡ್ಡ ಕಾಲಿಗೆ ಅದು ಸಾಧ್ಯವಿಲ್ಲ. ಎದೆ ಅಗಲ, ಕಾಲು ಗಿಡ್ಡ, ಹಾಗಾಗಿ ಮೈಯೇ ಕಾಲಿನ ಕಡೆ ಹೋಗಬೇಕು. ನಿಮ್ಮ ಡ್ಯಾಶ್‌ಹೌಂಡಿನ ಓಲಾಟದಲ್ಲಿ ಇರುವುದು ಇಷ್ಟೇ. ಬುಲ್‌ಡಾಗ್ ಹಡಗಿನಂತೆ ತೂಗುತ್ತ ನಡೆಯುವುದೂ ಇದೇ ಕಾರಣಕ್ಕೆ. ಆದರೆ ಬುಲ್‌ಡಾಗ್, ಪಗ್‌ಗಳಿಗೆ ಕಾಲಿಗಿಂತ ಉಸಿರೇ ದೊಡ್ಡ ಅಡ್ಡಿ. ಚಪ್ಪಟೆ ಮೂತಿಯಲ್ಲಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಲು ಆಗದು, ಬೇಸಿಗೆಯಲ್ಲಿ ಅವುಗಳನ್ನು ಬಿಸಿಲೇರಿದ ಮೇಲೆ ನಡೆಸಲೇಬಾರದು.

ಎಲ್ಲ ನಾಯಿಗಳ ಕಾಲೂ ಹೀಗೆ ಬೇರೆ ಬೇರೆಯಾದರೂ ಒಳಗಿನ ಏರ್ಪಾಡು ಒಂದೇ. ಇದು ನನಗೆ ಬಹಳ ಇಷ್ಟವಾದ ವಿಷಯ. ಜರ್ಮನಿಯ ಯೆನಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫಿಷರ್ ಅವರ ತಂಡ 32 ತಳಿಗಳ 300ಕ್ಕೂ ಹೆಚ್ಚು ನಾಯಿಗಳನ್ನು ಓಡಿಸಿ ಅತಿವೇಗದ ಕ್ಯಾಮೆರಾಗಳಿಂದ ಚಿತ್ರಿಸಿತು, ಕೆಲವನ್ನು ಎಕ್ಸ್‌ರೇ ವಿಡಿಯೊದಲ್ಲೂ ಸೆರೆಹಿಡಿಯಿತು. ಮುಂಗಾಲು ತೂಗುವುದು ಭುಜದ ಕೀಲಿನಿಂದ ಎಂದು ಬಹುಕಾಲ ನಂಬಿದ್ದೆವು. ಅಲ್ಲ, ಅದಕ್ಕಿಂತ ಮೇಲೆ, ಹೆಗಲಿನ ಹಲಗೆಮೂಳೆಯ ಮೇಲ್ತುದಿಯ ಹತ್ತಿರದಿಂದ ಇಡೀ ಕಾಲು ತೂಗುತ್ತದೆ ಎಂದು ಆ ಚಿತ್ರಗಳು ತೋರಿಸಿದವು. ಮುಂಗಾಲಿನ ಒಟ್ಟು ಉದ್ದದಲ್ಲಿ ತೋಳಿನ ಮೂಳೆಯ ಪಾಲು ಡ್ಯಾಶ್‌ಹೌಂಡ್ ಇರಲಿ, ಗ್ರೇಟ್ ಡೇನ್ ಇರಲಿ, ಹೆಚ್ಚುಕಡಿಮೆ 27 ಶೇಕಡಾ ಎಂಬುದೂ ಅಲ್ಲೇ ಕಂಡಿತು.

ಇದನ್ನು ನಿಮ್ಮ ಕೈಯಲ್ಲೇ ಅರಿಯಬಹುದು. ಮುಧೋಳದ ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಜಾಗದಲ್ಲಿ, ಎರಡೂ ಬದಿಗೆ ಎರಡು ಬೆರಳಿಟ್ಟು ನಿಧಾನ ಅದರ ಜೊತೆ ನಡೆಯಿರಿ. ಚರ್ಮದ ಕೆಳಗೆ ಹಲಗೆಮೂಳೆಗಳ ತುದಿ ಒಂದಾದ ಮೇಲೊಂದು ಏರಿ ಇಳಿಯುವುದು ಬೆರಳಿಗೆ ತಾಗುತ್ತದೆ. ನಮಗಿರುವಂತೆ ಎದೆಗೂಡಿಗೆ ತೋಳನ್ನು ಜೋಡಿಸುವ ಕೊರಳೆಲುಬಿನ ಆಸರೆ ನಾಯಿಗಿಲ್ಲ. ಮುಂಗಾಲು ಮೈಗೆ ಅಂಟಿರುವುದು ಬರೀ ಸ್ನಾಯುಗಳಿಂದ. ಎರಡು ಮುಂಗಾಲುಗಳ ನಡುವೆ ಎದೆಗೂಡು ತೊಟ್ಟಿಲ ಬಟ್ಟೆಯಲ್ಲಿ ಮಗು ಮಲಗಿದಂತೆ ತೂಗಿಕೊಂಡಿದೆ. ನಿಂತ ನಾಯಿಯ ಭಾರದಲ್ಲಿ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಬೀಳುತ್ತದೆ. ಮೆಟ್ಟಿಲು ಇಳಿಯುವಾಗ, ಸೋಫಾದಿಂದ ಹಾರುವಾಗ ಮುಂದಿನ ಪಾಲು ಇನ್ನೂ ಏರುತ್ತದೆ. ಆ ಹೊಡೆತ ಹೀರುವುದು ಈ ಸ್ನಾಯುವಿನ ತೊಟ್ಟಿಲೇ. ದಪ್ಪಗಾದ ನಾಯಿಯಲ್ಲಿ ಈ ತೊಟ್ಟಿಲು ಹಗಲೂ ರಾತ್ರಿ ಜಗ್ಗಿಕೊಂಡೇ ಇರುತ್ತದೆ.

ಮುಧೋಳದ ಕಡೆ ಬರುತ್ತೇನೆ. ಘೋರ್ಪಡೆ ಅರಸರ ಆಸರೆಯಲ್ಲಿ ಉಳಿದುಬಂದ, ಈಗ ಮುಧೋಳ ತಾಲ್ಲೂಕಿನ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಕಾಪಾಡುತ್ತಿರುವ ಈ ತಳಿ, ಕಣ್ಣಿಗೆ ಬಿದ್ದ ಬೇಟೆಯನ್ನು ಬಯಲಿನಲ್ಲಿ ಓಡಿ ಹಿಡಿಯಲು ರೂಪುಗೊಂಡದ್ದು. ಅದರ ಮೈಯ ಪ್ರತಿಯೊಂದು ಗೆರೆಯೂ ಆ ಓಟಕ್ಕಾಗಿ ಇದೆ. ಆಳವಾದ ಎದೆ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಗ ಕೊಡುತ್ತದೆ. ಒಳಸರಿದ ಹೊಟ್ಟೆ ಹಿಂಗಾಲು ಮುಂದಕ್ಕೆ ಬರಲು ದಾರಿ ಬಿಡುತ್ತದೆ. ಸೊಂಟದ ಮೇಲಿನ ಸಣ್ಣ ಕಮಾನು ಬಿಲ್ಲಿನಂತೆ ಬಾಗಿ ಬಿಚ್ಚುತ್ತದೆ. ಕುದುರೆ ನಾಗಾಲೋಟದಲ್ಲಿ ಒಂದು ಸುತ್ತಿಗೆ ಒಮ್ಮೆ ಮಾತ್ರ, ಕಾಲುಗಳು ಹೊಟ್ಟೆಯಡಿ ಕೂಡಿದಾಗ, ಪೂರ್ತಿ ನೆಲ ಬಿಡುತ್ತದೆ. ಗ್ರೇಹೌಂಡ್, ಮುಧೋಳದಂಥ ಬೇಟೆ ನಾಯಿಗಳು ಎರಡು ಸಲ ಬಿಡುತ್ತವೆ: ಕಾಲು ಕೂಡಿದಾಗ ಒಮ್ಮೆ, ಮೈ ನೀಳವಾಗಿ ಚಾಚಿದಾಗ ಇನ್ನೊಮ್ಮೆ. ಬೆನ್ನೇ ಇಲ್ಲಿ ಐದನೇ ಕಾಲು.

ಗ್ರೇಹೌಂಡ್‌ಗಳ ಮೇಲೆ 2005ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂದು ಸೊಗಸಾದ ಅಂಶ ಪ್ರಕಟಿಸಿದರು. ತಿರುವಿನಲ್ಲಿ ಓಡುವ ಮನುಷ್ಯ ವೇಗ ತಗ್ಗಿಸಲೇಬೇಕಾಗುತ್ತದೆ, ಗ್ರೇಹೌಂಡ್ ತಗ್ಗಿಸುವುದಿಲ್ಲ. ಮನುಷ್ಯನ ಓಟದಲ್ಲಿ ಭಾರ ಹೊರುವ ಸ್ನಾಯುವೇ ಮುಂದಕ್ಕೂ ತಳ್ಳಬೇಕು. ಗ್ರೇಹೌಂಡಿನಲ್ಲಿ ತಳ್ಳುವ ಶಕ್ತಿ ಸೊಂಟ, ತೊಡೆಗಳಿಂದ ಬರುತ್ತದೆ, ಕಾಲು ಭಾರ ಹೊರುವ ಕಂಬದಂತೆ ನಿಲ್ಲುತ್ತದೆ. ನಿಮ್ಮ ಮುಧೋಳದ ತೊಡೆ ಮುಟ್ಟಿ ನೋಡಿ, ಗಟ್ಟಿ ಗುಂಡಗಿರುತ್ತದೆ. ಮೊಣಕಾಲಿನ ಕೆಳಗೆ ಬಂದರೆ ಬರೀ ಎಲುಬು, ನರದಂಥ ಸ್ನಾಯುಬಂಧ. ತುದಿ ಹಗುರವಾದಷ್ಟೂ ಕಾಲನ್ನು ಬೀಸಿ ತರುವುದು ಸುಲಭ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಮೆರಿಕದ ಯೂಟಾದಲ್ಲಿ ಗ್ರೇಹೌಂಡನ್ನು ಪಿಟ್‌ಬುಲ್ ಜೊತೆ ಹೋಲಿಸಿದಾಗ, ಕಾದಾಡಲು ಬೆಳೆಸಿದ ಪಿಟ್‌ಬುಲ್‌ನಲ್ಲಿ ಮುಂಗಾಲು ಹಿಂಗಾಲು ಎರಡಕ್ಕೂ ಸ್ನಾಯು ಹಂಚಿಹೋಗಿರುವುದು, ಕಾಲಿನ ತುದಿಯಲ್ಲೂ ಸ್ನಾಯು ಹೆಚ್ಚಿರುವುದು ಕಂಡಿತು. ಒಂದೇ ಮೈ ಓಟಕ್ಕೂ ಕಾದಾಟಕ್ಕೂ ಸಮನಾಗಿ ಒದಗುವುದಿಲ್ಲ.

ಹಾಗಾಗಿ "ಊಟ ಹಾಕೋದಿಲ್ಲವಾ" ಎಂದವರಿಗೆ ನೀವು ಧೈರ್ಯವಾಗಿ ಹೇಳಿ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಆರೋಗ್ಯದ ಲಕ್ಷಣ. ತೊಡೆ ತುಂಬಿದೆಯೇ, ಬೆನ್ನೆಲುಬಿನ ಎರಡೂ ಬದಿ ಮಾಂಸ ಇದೆಯೇ, ಕೂದಲು ಹೊಳೆಯುತ್ತಿದೆಯೇ ನೋಡಿ. ತೊಡೆ ಒಣಗಿ, ಬೆನ್ನೆಲುಬು ಗರಗಸದಂತೆ ಎದ್ದು ಕಂಡರೆ ಮಾತ್ರ ಜಂತುಹುಳು, ರಕ್ತಪರೀಕ್ಷೆ ಎಂದು ಯೋಚಿಸಬೇಕು. ನಿಜಕ್ಕೂ ಅದಕ್ಕೆ ಕೊರತೆಯಿದ್ದರೆ ಅದು ಊಟದ್ದಲ್ಲ, ಓಟದ್ದು. ಮೂರು ಕಿಲೋಮೀಟರ್ ನಡಿಗೆಯಲ್ಲಿ ಆ ಬೆನ್ನು ಒಮ್ಮೆಯೂ ಬಿಚ್ಚಿಕೊಂಡಿರುವುದಿಲ್ಲ. ವಾರಕ್ಕೆ ಎರಡು ಮೂರು ಸಲ, ಬಿಸಿಲೇರುವ ಮೊದಲು, ಸುತ್ತ ಬೇಲಿಯಿರುವ ಬಯಲಿನಲ್ಲಿ ಬಿಟ್ಟು ಓಡಿಸಿ. ಬೇಲಿ ಇಲ್ಲದ ಕಡೆ ಖಂಡಿತ ಬೇಡ. ಮೊಲವೋ ಬೆಕ್ಕೋ ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ.

ಈಗ ಡ್ಯಾಶ್‌ಹೌಂಡಿನ ಬೆನ್ನಿನ ವಿಷಯ. ಇದನ್ನು ದಯವಿಟ್ಟು ಎರಡು ಸಲ ಓದಿ. ಬೆನ್ನು ಉದ್ದ, ಆದ್ದರಿಂದ ಬೆನ್ನುನೋವು ಎನ್ನುವುದು ಅರ್ಧ ಸತ್ಯ. ಡ್ಯಾಶ್‌ಹೌಂಡಿನ ಗಿಡ್ಡ ಕಾಲಿಗೆ ಕಾರಣ ಎಫ್‌ಜಿಎಫ್4 ಎಂಬ ಜೀನಿನ ಹೆಚ್ಚುವರಿ ಪ್ರತಿಯೊಂದು ಎಂದು 2009ರಲ್ಲಿ ಗೊತ್ತಾಯಿತು. ಅದೇ ಜೀನಿನ ಇನ್ನೊಂದು ಹೆಚ್ಚುವರಿ ಪ್ರತಿ ಬೇರೊಂದು ಕ್ರೋಮೋಸೋಮಿನಲ್ಲಿದ್ದು, ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳು ಎಳೆ ವಯಸ್ಸಿನಲ್ಲೇ ಹಾಳಾಗಲು ಅದು ಕಾರಣ ಎಂದು 2017ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಸಂಶೋಧಕರು ತೋರಿಸಿದರು. ಎಳನೀರಿನ ಗಂಜಿಯಂತೆ ಮೆತ್ತಗಿರಬೇಕಾದ ಡಿಸ್ಕಿನ ತಿರುಳು ಈ ನಾಯಿಗಳಲ್ಲಿ ಒಂದೆರಡು ವರ್ಷದೊಳಗೇ ಗಟ್ಟಿಯಾಗತೊಡಗುತ್ತದೆ. ಆಮೇಲೆ ಯಾವುದೋ ಒಂದು ಜಿಗಿತದಲ್ಲಿ ಅದು ಸಿಡಿದು ಬೆನ್ನುಹುರಿಯನ್ನು ಒತ್ತಬಹುದು. ಬೇರೆ ತಳಿಗಳಿಗಿಂತ ಡ್ಯಾಶ್‌ಹೌಂಡಿಗೆ ಈ ಅಪಾಯ ಹತ್ತು ಪಟ್ಟಿಗೂ ಹೆಚ್ಚು. ನಾಲ್ಕರಿಂದ ಏಳು ವರ್ಷದ ನಡುವೆ ಹೆಚ್ಚು ಕಾಣಿಸಿಕೊಳ್ಳುತ್ತದೆ. ನಿಮ್ಮದಕ್ಕೆ ಐದು ವರ್ಷ.

ಹಾಗಾದರೆ ಆ ಕುಪ್ಪಳಿಕೆ ಬೆನ್ನಿನದೇ? ನೀವು ಬರೆದಂತೆ, ಓಡುತ್ತಿರುವಾಗ ಕಾಲು ಎತ್ತಿಕೊಂಡು ನಾಲ್ಕು ಹೆಜ್ಜೆ ಹಾರಿ, ಒಮ್ಮೆ ಕಾಲು ಹಿಂದಕ್ಕೆ ಒದರಿ, ಏನೂ ಆಗಿಲ್ಲ ಎಂಬಂತೆ ನಡೆದರೆ ಅದು ಹೆಚ್ಚಾಗಿ ಮಂಡಿಚಿಪ್ಪು ಜಾರುವುದರ ಗುರುತು. ಸಣ್ಣ ತಳಿಗಳಲ್ಲಿ ಇದು ಸಾಮಾನ್ಯ. ಪೊಮೆರೇನಿಯನ್‌ಗಳಲ್ಲಿ ನಾನು ತುಂಬಾ ನೋಡುತ್ತೇನೆ. ಚಿಪ್ಪು ಅದರ ತೋಡಿನಿಂದ ಒಳಬದಿಗೆ ಸರಿದಾಗ ಮಂಡಿ ಬಿಚ್ಚುವುದಿಲ್ಲ, ಕಾಲು ಒದರಿದಾಗ ಚಿಪ್ಪು ಮರಳಿ ಕೂರುತ್ತದೆ. ಇದಕ್ಕೆ ನಾಲ್ಕು ಹಂತಗಳಿವೆ. ಮೊದಲೆರಡರಲ್ಲಿ ತೂಕ ಇಳಿಸುವುದು, ತೊಡೆಗೆ ಬಲ ಬರಿಸುವುದು ಬಹುತೇಕ ಸಾಕಾಗುತ್ತದೆ, ಕೊನೆಯೆರಡರಲ್ಲಿ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ವೈದ್ಯರು ಬೆರಳಿನಿಂದ ಮುಟ್ಟಿಯೇ ಹಂತ ಹೇಳಬಲ್ಲರು. ಹೋಗುವ ಮೊದಲು ಪಾದದ ಗಾದಿಗಳ ನಡುವೆ ಜಾಲಿಮುಳ್ಳು ಮುರಿದು ಉಳಿದಿದೆಯೇ ನೋಡಿಬಿಡಿ.

ಬೆನ್ನುಹುರಿಯ ಕುಂಟು ಬೇರೆ ಥರ. ನಾಯಿ ಪಾದವನ್ನು ಮಡಚಿ, ಮೇಲ್ಭಾಗ ನೆಲಕ್ಕೆ ತಾಗಿಸಿ ಎಳೆಯುತ್ತದೆ. ನಡು ಎರಡು ಉಗುರಿನ ತುದಿ ಸವೆದಿರುತ್ತದೆ. ಹಿಂಗಾಲು ಒಂದಕ್ಕೊಂದು ಅಡ್ಡ ಬರುತ್ತವೆ, ಎತ್ತಿಕೊಂಡರೆ ಕಿರುಚುತ್ತದೆ, ಬೆನ್ನು ಗೂನು ಮಾಡಿ ನಡುಗುತ್ತ ನಿಲ್ಲುತ್ತದೆ. ಇವುಗಳಲ್ಲಿ ಒಂದು ಕಂಡರೂ ವಾರವಲ್ಲ, ಗಂಟೆಗಳ ಲೆಕ್ಕ. ರಾತ್ರಿಯಾದರೂ ಹೊರಡಿ. ಎರಡು ದಿನ ಎಣ್ಣೆ ತಿಕ್ಕಿ ನೋಡಿ ಮೂರನೇ ದಿನ ಬಾಕ್ಸಿನಲ್ಲಿ ಮಲಗಿಸಿ ತಂದ ಡ್ಯಾಶ್‌ಹೌಂಡ್ ಒಂದು ನನ್ನ ಕಣ್ಣಮುಂದೆ ಇನ್ನೂ ಇದೆ. ಮುಂಗಾಲಿನಲ್ಲಿ ಎದ್ದು ನಿಂತು ಬಾಲ ಆಡಿಸಲು ನೋಡುತ್ತಿತ್ತು, ಬಾಲ ಆಡುತ್ತಿರಲಿಲ್ಲ.

ಮನೆಯಲ್ಲಿ ಏನು ಮಾಡಬೇಕು ಎಂದರೆ, ಮೊದಲು ತೂಕ. ಡ್ಯಾಶ್‌ಹೌಂಡಿನ ಪಕ್ಕೆಲುಬು ಕಣ್ಣಿಗೆ ಕಾಣಬೇಕಿಲ್ಲ, ಆದರೆ ಅಂಗೈ ಸವರಿದರೆ ಒತ್ತದೆಯೇ ಎಣಿಸಲು ಸಿಗಬೇಕು. 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಪಾಲು ಕಡಿಮೆ ಊಟ ಕೊಟ್ಟು ಜೀವಮಾನವಿಡೀ ನೋಡಿಕೊಂಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ಉಂಡವು ಸರಾಸರಿ 13 ವರ್ಷ, ಹೆಚ್ಚು ಉಂಡವು 11 ವರ್ಷ ಚಿಲ್ಲರೆ ಬದುಕಿದವು. ಕೀಲುನೋವಿಗೆ ಔಷಧಿ ಬೇಕಾದದ್ದೂ ಕಡಿಮೆ ಉಂಡವಕ್ಕೆ ವರ್ಷಗಳಷ್ಟು ತಡವಾಗಿ. ತಳಿ ಕೊಟ್ಟ ಎಲುಬನ್ನು ನಾವು ಬದಲಿಸಲಾರೆವು, ಅದರ ಮೇಲೆ ಹೇರುವ ಭಾರ ನಮ್ಮ ಕೈಯಲ್ಲಿದೆ. ಚಪಾತಿ ಚೂರು, ಬಿಸ್ಕತ್ತು ನಿಲ್ಲಿಸಿ. ಒಂಬತ್ತು ಕಿಲೋ ನಾಯಿಗೆ ಒಂದು ಕಿಲೋ ಹೆಚ್ಚಾದರೆ ನಮಗೆ ಏಳೆಂಟು ಕಿಲೋ ಹೆಚ್ಚಾದಂತೆ.

ವಾಕಿಂಗ್ ಬೇರೆ ಬೇರೆ ಮಾಡಿ. ವೈದ್ಯರು ಮಂಡಿ ನೋಡಿ ಒಪ್ಪಿದ ಮೇಲೆ ಡ್ಯಾಶ್‌ಹೌಂಡಿಗೆ ಬೆಳಿಗ್ಗೆ ಸಂಜೆ ಇಪ್ಪತ್ತು ನಿಮಿಷ ಸಾಕು, ಅದು ನಡೆಯುವಷ್ಟು ನಿಧಾನಕ್ಕೆ, ಅದು ಮೂಸಲು ನಿಂತಲ್ಲಿ ನಿಂತು. ಕೊರಳಿಗೆ ಬೆಲ್ಟ್ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ, ಆದರೆ ಅದರ ಪಟ್ಟಿ ಭುಜದ ಮೇಲೆ ಅಡ್ಡ ಬರಬಾರದು. ಮೇಲೆ ಹೇಳಿದ ಹಲಗೆಮೂಳೆ ಸರಿದಾಡಲು ಜಾಗ ಬೇಕು. ಮೆಟ್ಟಿಲು, ಸೋಫಾ, ಸ್ಕೂಟರಿನ ಫುಟ್‌ಬೋರ್ಡು, ಇವುಗಳಿಂದ ಹಾರಲು ಬಿಡಬೇಡಿ. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಪೃಷ್ಠದಡಿ, ಬೆನ್ನು ನೆಲಕ್ಕೆ ಸಮನಾಗಿ. ಮಕ್ಕಳು ಮುಂಗಾಲು ಹಿಡಿದು ಎತ್ತುವುದನ್ನು ಇವತ್ತಿನಿಂದಲೇ ತಡೆಯಿರಿ. ನುಣುಪು ಟೈಲ್ಸ್ ಮೇಲೆ ಅದು ಓಡಾಡುವ ದಾರಿಗೆ ಹಳೆಯ ಯೋಗ ಮ್ಯಾಟೋ ಗೋಣಿಚೀಲವೋ ಹಾಸಿ, ಉಗುರು ಕತ್ತರಿಸಿ.

ಕೊನೆಯದಾಗಿ ವಿಡಿಯೊ. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, ಫೋನನ್ನು ನಾಯಿಯ ಎತ್ತರಕ್ಕೆ ಇಳಿಸಿ, ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಎದುರಿನಿಂದ ಒಂದು ತೆಗೆಯಿರಿ. ಚೈನು ಸಡಿಲವಿರಲಿ, ಬಿಗಿ ಚೈನು ಕುಂಟನ್ನು ಮುಚ್ಚುತ್ತದೆ. ತಲೆಯನ್ನು ನೋಡಿ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ನಾಯಿ ತಲೆ ಮೇಲೆತ್ತುತ್ತದೆ, ಚೆನ್ನಾಗಿರುವ ಕಾಲು ಊರಿದಾಗ ತಗ್ಗಿಸುತ್ತದೆ. ಹಿಂಗಾಲಾದರೆ ಸೊಂಟದ ಏರಿಳಿತ ಹೇಳುತ್ತದೆ. ತಿಂಗಳಿಗೊಮ್ಮೆ ಇದೇ ಜಾಗದಲ್ಲಿ ಹೀಗೆ ತೆಗೆದು ಇಟ್ಟುಕೊಳ್ಳಿ. ಡ್ಯಾಶ್‌ಹೌಂಡನ್ನು ಮುಧೋಳದ ಜೊತೆ ಹೋಲಿಸಬೇಡಿ, ಅದರದೇ ಕಳೆದ ತಿಂಗಳ ನಡಿಗೆಯ ಜೊತೆ ಹೋಲಿಸಿ. ಆಸ್ಪತ್ರೆಯ ವಾಸನೆಗೆ ಹೆದರಿದ ನಾಯಿ ಎಷ್ಟೋ ಸಲ ಅಲ್ಲಿ ಕುಂಟುವುದೇ ಇಲ್ಲ. ಆದ್ದರಿಂದ ಮೇಜಿನ ಮೇಲೆ ಎತ್ತಿ ಕೂರಿಸುವ ಮೊದಲು ವೈದ್ಯರಿಗೆ ಆ ವಿಡಿಯೊ ತೋರಿಸಿ, ಆಮೇಲೆ ಹೊರಗಿನ ಅಂಗಳದಲ್ಲಿ ಒಂದು ಸುತ್ತು ನಡೆಸಿ ತೋರಿಸಿ.